ಥೆರಪಿಸ್ಟ್‌ಗೂ ಒಬ್ಬ ಥೆರಪಿಸ್ಟ್ ಬೇಕು: ಡಿಗ್ರಿ ಮುಗಿದ ಮೇಲೆ ಶುರುವಾಗುವ ಕಲಿಕೆ

ಬೆಂಗಳೂರಿನ ಯಾವುದಾದರೂ ಬಡಾವಣೆಯಲ್ಲಿ ಒಂದು ಸುತ್ತು ಹಾಕಿ. ದಂತವೈದ್ಯರ ಬೋರ್ಡಿನ ಪಕ್ಕ, ಝೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ ‘ಕೌನ್ಸೆಲಿಂಗ್ ಮತ್ತು ಸೈಕೋಥೆರಪಿ’ ಅನ್ನುವ ಬೋರ್ಡು ಕಾಣುತ್ತದೆ. ಇನ್‌ಸ್ಟಾಗ್ರಾಮ್ ತೆರೆದರೆ ಎರಡು ವಾರಾಂತ್ಯದಲ್ಲಿ ಥೆರಪಿಸ್ಟ್ ಆಗಿ ಅನ್ನುವ ಜಾಹೀರಾತು. ಮಾನಸಿಕ ಆರೋಗ್ಯದ ಬಗ್ಗೆ ಮಾತಾಡಲು ಜನ ಹಿಂಜರಿಯುತ್ತಿದ್ದ ಕಾಲ ಸ್ವಲ್ಪ ಬದಲಾಗಿದೆ, ಅದು ಒಳ್ಳೆಯದೇ. ಆದರೆ ಥೆರಪಿಸ್ಟ್ ಹುಡುಕುವವರು ಕೇಳುವ ಪ್ರಶ್ನೆ ಮಾತ್ರ ಬದಲಾಗಿಲ್ಲ: ‘ಡಿಗ್ರಿ ಏನು? ಫೀಸ್ ಎಷ್ಟು?’ ಅಷ್ಟೇ. ಈ ಕೆಲಸವನ್ನು ಅವರು ಯಾರ ಹತ್ತಿರ, ಹೇಗೆ ಕಲಿತರು ಅಂತ ಯಾರೂ ಕೇಳಲ್ಲ. ಕೇಳಬಹುದು ಅನ್ನೋದೇ ಬಹಳ ಜನಕ್ಕೆ ಗೊತ್ತಿಲ್ಲ.

ಈ ಲೇಖನ ಆ ಪ್ರಶ್ನೆಯ ಬಗ್ಗೆ. ಅದರಲ್ಲೂ ಒಂದು ನಿರ್ದಿಷ್ಟ ಕಲಿಕೆಯ ಬಗ್ಗೆ: ಈಗಾಗಲೇ ಮನೋವೈದ್ಯರೋ ಕ್ಲಿನಿಕಲ್ ಸೈಕಾಲಜಿಸ್ಟೋ ಸೈಕಿಯಾಟ್ರಿಕ್ ಸೋಷಿಯಲ್ ವರ್ಕರೋ ಆಗಿರುವವರು, ಡಿಗ್ರಿ ಕೈಲಿ ಇದ್ದರೂ ಮತ್ತೆ ಎರಡು ಮೂರು ವರ್ಷ ಕೂತು ಕಲಿಯುವ ಸೈಕೋಡೈನಾಮಿಕ್ ಸೈಕೋಥೆರಪಿಯ ಮುಂದುವರಿದ ತರಬೇತಿ. ನಾನು ಎಲೆಕ್ಟ್ರಾನಿಕ್ಸ್ ಓದಿ ಪತ್ರಿಕೋದ್ಯಮಕ್ಕೆ ಬಂದವನು. ಹಾಗಾಗಿ ಯಾವುದೇ ವಿಷಯ ಸಿಕ್ಕಿದರೂ ‘ಇದು ಒಳಗೆ ಹೇಗೆ ಕೆಲಸ ಮಾಡುತ್ತೆ?’ ಅಂತ ಮುಚ್ಚಳ ತೆಗೆದು ನೋಡುವ ಚಾಳಿ ಬಿಟ್ಟಿಲ್ಲ.

ಮೊದಲು ಹೆಸರು. ಸೈಕೋಡೈನಾಮಿಕ್ ಅಂದರೆ ಫ್ರಾಯ್ಡ್‌ನಿಂದ ಶುರುವಾಗಿ, ಆಮೇಲೆ ಅವನ ಜೊತೆ ಜಗಳ ಆಡಿದವರೂ ಸೇರಿ ಬೆಳೆಸಿದ ಒಂದು ಪರಂಪರೆ. ಅದರ ಮೂಲ ಮಾತು ಇಷ್ಟು: ನಮ್ಮನ್ನು ನಡೆಸುವ ಎಷ್ಟೋ ಸಂಗತಿಗಳು ನಮ್ಮ ಅರಿವಿಗೇ ಬಂದಿರುವುದಿಲ್ಲ. ಬಾಲ್ಯದಲ್ಲಿ ಹತ್ತಿರದವರ ಜೊತೆ ಬದುಕಿದ ರೀತಿ ಒಂದು ಅಚ್ಚಾಗಿ ಉಳಿಯುತ್ತದೆ. ದೊಡ್ಡವರಾದ ಮೇಲೆ ಗಂಡ, ಹೆಂಡತಿ, ಮ್ಯಾನೇಜರ್, ಗೆಳೆಯ ಎಲ್ಲರನ್ನೂ ನಾವು ಆ ಅಚ್ಚಿಗೆ ಹಾಕಿ ನೋಡುತ್ತಿರುತ್ತೇವೆ. ಥೆರಪಿಸ್ಟ್ ಎದುರು ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತು, 50 ನಿಮಿಷ ಕೂತಾಗ ಆ ಅಚ್ಚು ಅಲ್ಲೂ ಹಾಜರಾಗುತ್ತದೆ. ಇದಕ್ಕೆ ಟ್ರಾನ್ಸ್‌ಫರೆನ್ಸ್ ಅಂತಾರೆ. ಮಂಚದ ಮೇಲೆ ಮಲಗಿ ವಾರಕ್ಕೆ ನಾಲ್ಕೈದು ದಿನ ಮಾತಾಡುವುದು ಪೂರ್ಣಪ್ರಮಾಣದ ಸೈಕೋಅನಾಲಿಸಿಸ್. ಎದುರುಬದುರು ಕುರ್ಚಿಯಲ್ಲಿ ಕೂತು ವಾರಕ್ಕೆ ಒಂದೋ ಎರಡೋ ಸಲ ನಡೆಸುವುದು ಸೈಕೋಡೈನಾಮಿಕ್ ಥೆರಪಿ. ಎರಡರ ಬೇರು ಒಂದೇ.

‘ಫ್ರಾಯ್ಡ್ ಎಲ್ಲ ಔಟ್‌ಡೇಟೆಡ್ ಅಲ್ವಾ?’ ಅಂತ ಕೇಳುವವರಿಗೆ ಚಿಕ್ಕ ಉತ್ತರ. 2010ರಲ್ಲಿ ಜೊನಾಥನ್ ಶೆಡ್ಲರ್ ‘ಅಮೆರಿಕನ್ ಸೈಕಾಲಜಿಸ್ಟ್’ ಪತ್ರಿಕೆಯಲ್ಲಿ ಅದುವರೆಗಿನ ಅಧ್ಯಯನಗಳನ್ನು ಒಟ್ಟು ಹಾಕಿ, ಈ ಥೆರಪಿಯ ಫಲ ಉಳಿದ ಥೆರಪಿಗಳಿಗಿಂತ ಕಡಿಮೆಯೇನಿಲ್ಲ, ಚಿಕಿತ್ಸೆ ನಿಂತ ಮೇಲೂ ಸುಧಾರಣೆ ಮುಂದುವರಿಯುತ್ತದೆ ಅಂತ ವಾದಿಸಿದರು. ಅವರ ಲೆಕ್ಕದ ವಿಧಾನದ ಬಗ್ಗೆ ತಕರಾರುಗಳೂ ಬಂದವು. 2022ರಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆ ಖಿನ್ನತೆಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ ಅಲ್ಪಾವಧಿಯ ಸೈಕೋಡೈನಾಮಿಕ್ ಥೆರಪಿ ಕೂಡ ಒಂದು ಆಯ್ಕೆಯಾಗಿ ಇದೆ. ಇದೇ ಎಲ್ಲದಕ್ಕೂ ಮದ್ದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಒಸಿಡಿಗೆ, ಫೋಬಿಯಾಕ್ಕೆ ಬೇರೆ ವಿಧಾನಗಳ ಹಿಂದೆ ಹೆಚ್ಚು ಗಟ್ಟಿ ಪುರಾವೆ ಇದೆ. ಆದರೆ ಇದು ಮ್ಯೂಸಿಯಂ ಸೇರಿದ ವಸ್ತುವಂತೂ ಅಲ್ಲ.

ಮೂರು ಕಾಲಿನ ಸ್ಟೂಲು

1920ರಲ್ಲಿ ಬರ್ಲಿನ್‌ನಲ್ಲಿ ಮ್ಯಾಕ್ಸ್ ಐಟಿಂಗನ್ ಮತ್ತು ಸಂಗಡಿಗರು ಒಂದು ಕ್ಲಿನಿಕ್ ತೆರೆದರು. ಮೊದಲ ಮಹಾಯುದ್ಧ ಮುಗಿದು ಊರು ಹಣ್ಣಾಗಿದ್ದ ಕಾಲ. ದುಡ್ಡಿಲ್ಲದವರಿಗೂ ಚಿಕಿತ್ಸೆ ಸಿಗಬೇಕು ಅನ್ನುವುದು ಒಂದು ಉದ್ದೇಶ, ಹೊಸ ವಿಶ್ಲೇಷಕರನ್ನು ತಯಾರು ಮಾಡುವುದು ಇನ್ನೊಂದು. ತರಬೇತಿಗೆ ಅಲ್ಲಿ ರೂಪುಗೊಂಡ ಚೌಕಟ್ಟು ನೂರು ವರ್ಷ ದಾಟಿದರೂ ಹೆಚ್ಚು ಕಡಿಮೆ ಹಾಗೇ ಉಳಿದಿದೆ. ಅದಕ್ಕೆ ಮೂರು ಕಾಲು. ಒಂದು, ಪಾಠ ಮತ್ತು ಓದು. ಎರಡು, ಅನುಭವಿಯೊಬ್ಬರ ಮೇಲ್ವಿಚಾರಣೆಯಲ್ಲಿ ರೋಗಿಗಳನ್ನು ನೋಡುವುದು, ಅಂದರೆ ಸೂಪರ್‌ವಿಷನ್. ಮೂರು, ಕಲಿಯುವವರು ತಾವೇ ಇನ್ನೊಬ್ಬ ಥೆರಪಿಸ್ಟ್ ಎದುರು ರೋಗಿಯಾಗಿ ಕೂರುವುದು.

ಮೊದಲನೇ ಕಾಲಿನ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಫ್ರಾಯ್ಡ್, ಮೆಲನಿ ಕ್ಲೈನ್, ವಿನಿಕಾಟ್, ಬಿಯಾನ್, ಕೋಹಟ್, ಓದಬೇಕು, ಚರ್ಚಿಸಬೇಕು. ಯಾವ ಆನ್‌ಲೈನ್ ಕೋರ್ಸೂ ಇದನ್ನು ಕಲಿಸಬಲ್ಲದು.

ಜನಕ್ಕೆ ವಿಚಿತ್ರ ಅನಿಸುವುದು ಮೂರನೆಯದು. ಹೃದಯದ ಡಾಕ್ಟರ್ ಆಗಲು ಬೈಪಾಸ್ ಮಾಡಿಸಿಕೊಂಡಿರಬೇಕಾ? ಬೇಡ. ಇಲ್ಲೇಕೆ ಬೇಕು? ನನಗೆ ಇದು ಅರ್ಥವಾಗಿದ್ದು ಕಾಲೇಜಿನ ಲ್ಯಾಬಿನಲ್ಲಿದ್ದ ಹಳೇ ಮುಳ್ಳಿನ ಮಲ್ಟಿಮೀಟರ್ ನೆನಪಿಗೆ ಬಂದಾಗ. ಅದರಲ್ಲಿ ರೆಸಿಸ್ಟೆನ್ಸ್ ಅಳೆಯುವ ಮೊದಲು ಎರಡೂ ಪ್ರೋಬ್‌ಗಳನ್ನು ಒಂದಕ್ಕೊಂದು ಮುಟ್ಟಿಸಿ, ಮುಳ್ಳು ಸರಿಯಾಗಿ ಸೊನ್ನೆಗೆ ಬರುವ ಹಾಗೆ ತಿರುಪು ತಿರುಗಿಸಬೇಕಿತ್ತು. ಹಾಗೆ ಮಾಡದಿದ್ದರೆ ಮೀಟರ್ ತೋರಿಸುವ ಅಂಕಿಯಲ್ಲಿ ಸರ್ಕ್ಯೂಟಿನದೆಷ್ಟು, ಮೀಟರಿನದೇ ದೋಷ ಎಷ್ಟು ಅಂತ ಬೇರ್ಪಡಿಸಲು ಆಗುತ್ತಿರಲಿಲ್ಲ. ಸೈಕೋಡೈನಾಮಿಕ್ ಥೆರಪಿಯಲ್ಲಿ ಅಳೆಯುವ ಉಪಕರಣ ಥೆರಪಿಸ್ಟ್‌ನ ಮನಸ್ಸೇ. ಸ್ಕ್ಯಾನ್ ಇಲ್ಲ, ರಕ್ತಪರೀಕ್ಷೆ ಇಲ್ಲ. ಎದುರಿನವರು ಮಾತಾಡುವಾಗ ತನ್ನೊಳಗೆ ಏಳುವ ಸಿಟ್ಟು, ಕನಿಕರ, ಬೋರು, ಭಯ, ಇವೇ ರೀಡಿಂಗ್. 1950ರಲ್ಲಿ ಪೌಲಾ ಹೈಮನ್ ಬರೆದ ಒಂದು ಚಿಕ್ಕ ಪ್ರಬಂಧ ಈ ಮಾತನ್ನು ಗಟ್ಟಿಯಾಗಿ ಹೇಳಿತು. ಅಲ್ಲಿಯವರೆಗೆ ಥೆರಪಿಸ್ಟ್‌ನ ಭಾವನೆಗಳನ್ನು ಕೆಲಸಕ್ಕೆ ಅಡ್ಡಿ ಅಂತ ಕಾಣುತ್ತಿದ್ದದ್ದೇ ಹೆಚ್ಚು. ಹೈಮನ್ ಅದನ್ನು ರೋಗಿಯ ಒಳಗನ್ನು ತಿಳಿಯುವ ಸಾಧನ ಅಂದರು. ಆದರೆ ನನ್ನ ಸಿಟ್ಟು ನನ್ನ ಅಪ್ಪನ ಮೇಲಿನದಾ, ಅಥವಾ ಈ ವ್ಯಕ್ತಿ ಎಲ್ಲರಲ್ಲೂ ಎಬ್ಬಿಸುವ ಸಿಟ್ಟಾ? ಅದು ಗೊತ್ತಾಗಬೇಕಾದರೆ ಮುಳ್ಳು ಮೊದಲು ಸೊನ್ನೆಗೆ ಬರಬೇಕು. ಮನುಷ್ಯರ ವಿಷಯದಲ್ಲಿ ಸೊನ್ನೆ ಸಿಗಲ್ಲ ಬಿಡಿ. ಎಷ್ಟು ಆಚೀಚೆ ಇದೆ ಅಂತಾದರೂ ತಿಳಿದಿರಬೇಕು.

ಇನ್ನೊಂದು ಕಾರಣ ಇನ್ನೂ ಸರಳ. ವಾರವಾರ ಹೋಗಿ, ದುಡ್ಡು ಕೊಟ್ಟು, ಮುಜುಗರದ ಮಾತಾಡಿ, ಗೋಡೆ ಗಡಿಯಾರ ನೋಡುತ್ತಾ ‘ಇವರಿಗೆ ನಾನು ಇಷ್ಟವಾ, ಇಲ್ಲವಾ?’ ಅಂತ ಒದ್ದಾಡುವುದು ಹೇಗಿರುತ್ತದೆ ಅನ್ನುವುದು ಪುಸ್ತಕದಿಂದ ಬರಲ್ಲ.

ನಿದ್ದೆ ಬಂದದ್ದು ಯಾವಾಗ?

ಸೂಪರ್‌ವಿಷನ್ ಅಂದಾಗ ಆಫೀಸಿನ ಸೂಪರ್‌ವೈಸರ್ ನೆನಪಾಗುತ್ತಾರೆ, ತಪ್ಪು ಹುಡುಕಲು ಬರುವವರು. ಇದು ಬೇರೆ. ಒಂದು ಉದಾಹರಣೆ ಕೊಡುತ್ತೇನೆ. ಇದು ಯಾವ ನಿಜವಾದ ರೋಗಿಯ ಕಥೆಯೂ ಅಲ್ಲ, ವಿವರಿಸುವುದಕ್ಕಾಗಿ ನಾನು ಕಟ್ಟಿದ್ದು.

ತುಮಕೂರಿನ ಕಡೆಯ ನಲವತ್ತರ ಆಸುಪಾಸಿನ ಒಬ್ಬರು. ನಿದ್ದೆ ಬರಲ್ಲ, ಕೆಲಸದಲ್ಲಿ ಮನಸ್ಸಿಲ್ಲ. ಪ್ರತಿ ಬುಧವಾರ ಟೈಮಿಗೆ ಸರಿಯಾಗಿ ಬರುತ್ತಾರೆ. ಒಂದು ಸಲ ಥೆರಪಿಸ್ಟ್ ‘ಮುಂದಿನ ವಾರ ನಾನು ರಜೆ’ ಅಂದರು. ‘ಪರವಾಗಿಲ್ಲ ಮೇಡಂ, ನಿಮಗೂ ರಜೆ ಬೇಕಲ್ವಾ’ ಅಂತ ನಕ್ಕರು. ರಜೆ ಮುಗಿದ ಮೇಲಿನ ಬುಧವಾರ ಅವರು ಬರಲೇ ಇಲ್ಲ. ಅದರ ಮುಂದಿನ ವಾರ ಬಂದು ‘ಕೆಲಸ ಇತ್ತು’ ಅಂದರು. ಆಮೇಲೆ ಅಪ್ಪನ ಬಗ್ಗೆ ಹೇಳಿದರು: ಬಸ್ ಡ್ರೈವರ್, ಮೂರು ದಿನ ನೈಟ್ ಹಾಲ್ಟ್, ಬಂದರೆ ಮಲಗುವುದು, ಎದ್ದರೆ ಹೊರಡುವುದು. ಅದನ್ನೆಲ್ಲ ಡ್ಯೂಟಿ ಚಾರ್ಟ್ ಓದುವ ಹಾಗೆ, ಏರಿಳಿತ ಇಲ್ಲದೆ ಹೇಳಿದರು. ಥೆರಪಿಸ್ಟ್‌ಗೆ ಕಣ್ಣು ಎಳೆಯತೊಡಗಿತು.

ಸೆಷನ್ ಮುಗಿದ ಮೇಲೆ ಆಕೆ ಮಾಡುವ ಕೆಲಸ ಬರೆಯುವುದು. ರೆಕಾರ್ಡಿಂಗ್ ಇಲ್ಲ. ನೆನಪಿನಿಂದ, ಯಾರು ಏನಂದರು, ಯಾವ ಮಾತಿನ ನಂತರ ಯಾವ ಮಾತು, ಎಲ್ಲಿ ಮೌನ, ತನಗೇನು ಅನಿಸಿತು, ಎಲ್ಲ. ಇದಕ್ಕೆ ಪ್ರಾಸೆಸ್ ನೋಟ್ಸ್ ಅಂತಾರೆ. ಹೆಸರು, ಊರು, ಗುರುತು ತೆಗೆದು ಅದನ್ನು ಸೂಪರ್‌ವೈಸರ್ ಎದುರು ಓದಬೇಕು. ಏನು ಮರೆತುಹೋಯಿತು ಅನ್ನುವುದೂ ಅಲ್ಲಿ ಮಾಹಿತಿಯೇ.

ಸೂಪರ್‌ವೈಸರ್ ‘ಯಾಕೆ ನಿದ್ದೆ ಮಾಡಿದ್ರಿ?’ ಅಂತ ಗದರಲ್ಲ. ‘ನಿದ್ದೆ ಬಂದದ್ದು ಯಾವ ಮಾತಿನ ಹೊತ್ತಿಗೆ?’ ಅಂತ ಕೇಳುತ್ತಾರೆ. ಅಪ್ಪ ಬಂದು ಮಲಗುತ್ತಿದ್ದ ಅನ್ನುವ ಮಾತಿನ ಹೊತ್ತಿಗೆ. ಅಂದರೆ ಆ ಕೋಣೆಯಲ್ಲಿ ಈಗ ಯಾರು ಯಾರಾಗಿದ್ದಾರೆ? ಎದುರಿಗಿದ್ದೂ ಮಲಗಿದ ಹಾಗಿರುವ ಅಪ್ಪನ ಪಾತ್ರಕ್ಕೆ ಥೆರಪಿಸ್ಟ್ ತನಗೆ ಗೊತ್ತಿಲ್ಲದೆಯೇ ಜಾರಿದ್ದಾರಾ? ರಜೆ ಹಾಕಿದಾಗ ‘ಪರವಾಗಿಲ್ಲ’ ಅಂದವರು, ಅಪ್ಪ ಬ್ಯಾಗ್ ಹಿಡಿದು ಹೊರಟಾಗಲೂ ಹಾಗೇ ಅಂದಿರಬಹುದಾ? ಬಾರದೆ ಹೋದ ಬುಧವಾರವೇ ಅವರ ನಿಜವಾದ ಉತ್ತರವಾಗಿರಬಹುದಾ? ಇದು ಊಹೆ ಮಾತ್ರ, ತೀರ್ಪಲ್ಲ. ಮುಂದಿನ ವಾರ ಅದನ್ನು ರೋಗಿಯ ಮುಖಕ್ಕೆ ಎಸೆದರೆ ಕೆಲಸ ಕೆಟ್ಟಂತೆ. ಯಾವಾಗ, ಎಷ್ಟು, ಯಾವ ಮಾತಿನಲ್ಲಿ ಹೇಳಬೇಕು, ಅಥವಾ ಹೇಳದೇ ಕಾಯಬೇಕಾ ಅನ್ನುವುದನ್ನು ಕಲಿಯಲು ವರ್ಷಗಳು ಹಿಡಿಯುತ್ತವೆ. ತರಬೇತಿ ದೀರ್ಘ ಆಗಿರುವುದಕ್ಕೆ ಕಾರಣ ಸಿಲಬಸ್ ಅಲ್ಲ, ಇದು.

ಇನ್ನೂ ಸ್ವಾರಸ್ಯದ ಸಂಗತಿ ಇದೆ. 1955ರಲ್ಲಿ ಅಮೆರಿಕದ ಹೆರಾಲ್ಡ್ ಸರ್ಲ್ಸ್ ಗಮನಿಸಿದ್ದು: ರೋಗಿ ಮತ್ತು ಥೆರಪಿಸ್ಟ್ ನಡುವೆ ನಡೆದದ್ದು ಥೆರಪಿಸ್ಟ್ ಮತ್ತು ಸೂಪರ್‌ವೈಸರ್ ನಡುವೆಯೂ ಮರುಕಳಿಸುತ್ತದೆ. ರೋಗಿ ಥೆರಪಿಸ್ಟ್‌ಗೆ ಡ್ಯೂಟಿ ಚಾರ್ಟ್ ಓದಿದ ಹಾಗೆ, ಥೆರಪಿಸ್ಟ್ ಸೂಪರ್‌ವೈಸರ್‌ಗೆ ನೋಟ್ಸ್ ಓದುತ್ತಾರೆ, ಸೂಪರ್‌ವೈಸರ್‌ಗೂ ಆಕಳಿಕೆ! ಸಿಗ್ನಲ್ ಎರಡು ಸ್ಟೇಜ್ ದಾಟಿ ಬಂದರೂ ಅಲೆಯ ಆಕಾರ ಉಳಿದಿರುತ್ತದೆ.

ಮಗುವನ್ನು ಸುಮ್ಮನೆ ನೋಡುವುದು

ಹಲವು ಕಡೆ ಈ ತರಬೇತಿಯ ಭಾಗವಾಗಿ ಇನ್ನೊಂದು ಅಭ್ಯಾಸ ಇದೆ. 1948ರಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್‌ನಲ್ಲಿ ಎಸ್ತರ್ ಬಿಕ್ ಶುರು ಮಾಡಿದ್ದು. ಕಲಿಯುವವರು ಈಗಷ್ಟೇ ಮಗು ಹುಟ್ಟಿದ ಒಂದು ಮನೆಯನ್ನು ಹುಡುಕಿಕೊಳ್ಳಬೇಕು. ಪ್ರತಿ ವಾರ ಒಂದು ಗಂಟೆ ಹೋಗಿ ಮಗುವನ್ನು ನೋಡಬೇಕು. ಒಂದೆರಡು ವಾರ ಅಲ್ಲ, ಎರಡು ವರ್ಷ. ಅಲ್ಲಿ ಕೂತು ಬರೆದುಕೊಳ್ಳುವ ಹಾಗಿಲ್ಲ, ಸಲಹೆ ಕೊಡುವ ಹಾಗಿಲ್ಲ, ಮಗು ಅತ್ತರೆ ಎತ್ತಿಕೊಳ್ಳಲು ಧಾವಿಸುವ ಹಾಗಿಲ್ಲ. ಮನೆಗೆ ಬಂದು ನೆನಪಿನಿಂದ ಬರೆದು, ಗುಂಪಿನಲ್ಲಿ ಚರ್ಚಿಸಬೇಕು.

ನಮ್ಮ ಮನೆಗಳಲ್ಲಿ ಇದು ಹೇಗೆ ನಡೆದೀತು ಅಂತ ಯೋಚಿಸಿದರೆ ನಗು ಬರುತ್ತದೆ. ಬಾಣಂತಿ ಮನೆಗೆ ಹೋಗಿ ಮೂಲೆಯಲ್ಲಿ ಸುಮ್ಮನೆ ಕೂರಲು ಬಿಡುತ್ತಾರಾ? ಅಜ್ಜಿ ಕಾಫಿ ತರುತ್ತಾರೆ, ‘ತಗೊಳಮ್ಮ, ಸ್ವಲ್ಪ ಎತ್ಕೋ, ಬಂದೆ’ ಅಂತ ಮಗುವನ್ನು ತೊಡೆಗೆ ಹಾಕಿ ನೀರು ಕಾಯಿಸಲು ಹೋಗುತ್ತಾರೆ. ಪಕ್ಕದ ಮನೆಯವರು ‘ಇವರ್ಯಾರು, ನರ್ಸಾ?’ ಅಂತ ಕೇಳುತ್ತಾರೆ. ದೃಷ್ಟಿ ಆಗುತ್ತೆ ಅನ್ನುವ ಭಯ ಬೇರೆ. ಇಲ್ಲಿ ಕಲಿಯಬೇಕಾದದ್ದು ಮಗುವಿನ ಬೆಳವಣಿಗೆಯ ಪಟ್ಟಿಯನ್ನಲ್ಲ. ಮಾತು ಬಾರದ ಜೀವವೊಂದು ತನ್ನ ಭಯ, ಹಸಿವು, ಸಮಾಧಾನಗಳನ್ನು ಸುತ್ತಲಿನವರಲ್ಲಿ ಹೇಗೆ ಎಬ್ಬಿಸುತ್ತದೆ, ಆಗ ತನ್ನೊಳಗೆ ಏನಾಗುತ್ತದೆ, ಏನಾದರೂ ಮಾಡಿಬಿಡಬೇಕು ಅನ್ನುವ ತುಡಿತವನ್ನು ತಡೆದು ಕೂರುವುದು ಎಷ್ಟು ಕಷ್ಟ, ಅದನ್ನು. ನಮ್ಮಲ್ಲಿ ಬೋಧನೆ, ಉಪದೇಶ, ಸಾಂತ್ವನ ಯಾವುದಕ್ಕೂ ಕೊರತೆ ಇಲ್ಲ. ಎದುರಿನವರು ಅಳುವಾಗ ಥಟ್ಟನೆ ಸಮಾಧಾನ ಹೇಳದೆ ಇರುವುದಕ್ಕೆ ಮಾತ್ರ ತಾಲೀಮು ಬೇಕು.

ಕಲ್ಕತ್ತದಿಂದ ಬೆಂಗಳೂರಿಗೆ

ಇದೆಲ್ಲ ನಿನ್ನೆ ಮೊನ್ನೆ ಬಂದ ವಿದೇಶಿ ಸರಕು ಅಂದುಕೊಳ್ಳಬೇಡಿ. 1922ರಲ್ಲೇ ಕಲ್ಕತ್ತದಲ್ಲಿ ಗಿರೀಂದ್ರಶೇಖರ ಬೋಸ್ ಇಂಡಿಯನ್ ಸೈಕೋಅನಾಲಿಟಿಕಲ್ ಸೊಸೈಟಿ ಕಟ್ಟಿ, ಅಂತರರಾಷ್ಟ್ರೀಯ ಸಂಘದ ಮಾನ್ಯತೆ ಪಡೆದರು. ಫ್ರಾಯ್ಡ್ ಜೊತೆ ವರ್ಷಗಟ್ಟಲೆ ಪತ್ರ ಬರೆದುಕೊಂಡರೂ ಭೇಟಿ ಆಗಲೇ ಇಲ್ಲ. ತಮಾಷೆ ಏನಂದರೆ, ಈ ದೇಶದಲ್ಲಿ ವಿಶ್ಲೇಷಕರ ತರಬೇತಿ ಶುರು ಮಾಡಿದ ಬೋಸ್ ಸ್ವತಃ ಯಾವ ವಿಶ್ಲೇಷಕರ ಎದುರೂ ಕೂತವರಲ್ಲ. ಕೂರಲು ಆಗ ಇಲ್ಲಿ ಯಾರಿದ್ದರು?

ಬೆಂಗಳೂರಿನ ಕಥೆ ಬೇರೆ ದಾರಿ ಹಿಡಿಯಿತು. 1954ರಲ್ಲಿ ಇಲ್ಲಿನ ಮಾನಸಿಕ ಆಸ್ಪತ್ರೆಯ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು, ಮರುವರ್ಷವೇ ಮನೋವೈದ್ಯರಿಗೂ ಸೈಕಾಲಜಿಸ್ಟ್‌ಗಳಿಗೂ ಕೋರ್ಸುಗಳು ಶುರುವಾದವು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. 1964ರಲ್ಲಿ ಬೆಂಗಳೂರಿನ ಈ ಸಂಸ್ಥೆಯ ಎನ್.ಸಿ. ಸೂರ್ಯ ಮತ್ತು ಎಸ್.ಎಸ್. ಜಯರಾಂ ಒಂದು ಪ್ರಬಂಧ ಬರೆದರು. ಇಲ್ಲಿನ ರೋಗಿ ಒಳಮನಸ್ಸಿನ ವಿವರಣೆಗಿಂತ ನೇರ ನೆರವನ್ನು ಬಯಸುತ್ತಾನೆ, ಥೆರಪಿಸ್ಟ್‌ನನ್ನು ಹಿರಿಯನಂತೆ ಕಾಣುತ್ತಾನೆ, ಪಶ್ಚಿಮದ ಪುಸ್ತಕದಂತೆ ನಡೆದುಕೊಂಡರೆ ಇಲ್ಲಿ ಆಗದು ಅನ್ನುವುದು ಅವರ ವಾದದ ತಿರುಳು. 1973ರಲ್ಲಿ ಜಸ್ವಂತ್ ಸಿಂಗ್ ನೇಕಿ ಗುರು-ಶಿಷ್ಯ ಸಂಬಂಧವನ್ನೇ ಥೆರಪಿಗೆ ಮಾದರಿ ಮಾಡಬಹುದಾ ಅಂತ ಕೇಳಿದರು. ಈ ಸರಣಿಯಲ್ಲಿ ನನಗೆ ಹೆಚ್ಚು ಆಪ್ತವಾಗುವವರು 2024ರಲ್ಲಿ ತೀರಿಕೊಂಡ ಸುಧೀರ್ ಕಕ್ಕರ್. ಮೊದಲು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್, ಆಮೇಲೆ ಫ್ರಾಂಕ್‌ಫರ್ಟ್‌ನಲ್ಲಿ ಸೈಕೋಅನಾಲಿಸಿಸ್ ತರಬೇತಿ! ಭಾರತೀಯ ಬಾಲ್ಯ, ಕುಟುಂಬ, ಧರ್ಮಗಳ ಬಗ್ಗೆ ಅವರು ಬರೆದದ್ದನ್ನು ಒಪ್ಪದವರೂ ಓದದೆ ಮುಂದೆ ಹೋಗಲು ಆಗಲ್ಲ.

ಸೂರ್ಯ ಮತ್ತು ಜಯರಾಂ ಹೇಳಿದ್ದನ್ನು ನಾನು ಅರ್ಧ ಒಪ್ಪುತ್ತೇನೆ. ರೋಗಿ ಥೆರಪಿಸ್ಟ್‌ನನ್ನು ಹಿರಿಯರಂತೆ ಕಾಣುತ್ತಾರೆ, ನಿಜ. ‘ನೀವೇ ಏನಾದ್ರೂ ದಾರಿ ತೋರ್ಸಿ ಸಾರ್’ ಅನ್ನುತ್ತಾರೆ. ಆದರೆ ಹಾಗೆ ಕಾಣುವುದೇ ಕೆಲಸದ ಸಾಮಗ್ರಿ ಆಗಬಲ್ಲದು. ಕನ್ನಡದಲ್ಲಿ ಟ್ರಾನ್ಸ್‌ಫರೆನ್ಸ್ ಹುಡುಕಲು ಕಷ್ಟಪಡಬೇಕಿಲ್ಲ, ಅದು ಸಂಬೋಧನೆಯಲ್ಲೇ ಇರುತ್ತದೆ. ಮೂರು ತಿಂಗಳು ‘ಮೇಡಂ’ ಅಂದವರು ಒಂದು ದಿನ ‘ಅಕ್ಕಾ’ ಅನ್ನುತ್ತಾರೆ. ‘ನೀವು’ ಸರಿದು ಒಂದು ಕ್ಷಣ ‘ನೀನು’ ಬಂದು, ನಾಲಿಗೆ ಕಚ್ಚಿಕೊಳ್ಳುತ್ತಾರೆ. ಊರಿಂದ ಬರುವಾಗ ಒಂದು ಚೀಲ ಮಾವಿನಹಣ್ಣು ತರುತ್ತಾರೆ, ಮಗಳ ಮದುವೆಗೆ ಕರೆಯೋಲೆ ಕೊಡುತ್ತಾರೆ. ತಗೊಳ್ಳಬೇಕಾ, ಬೇಡವಾ? ಹೋಗಬೇಕಾ? ಲಂಡನ್ನಿನ ಪಠ್ಯ ‘ಬೌಂಡರಿ’ ಅನ್ನುತ್ತದೆ. ಇಲ್ಲಿ ಹಣ್ಣಿನ ಚೀಲ ವಾಪಸ್ ಮಾಡಿದರೆ ಅದು ಅವಮಾನ. ಒಳ್ಳೆಯ ಸೂಪರ್‌ವಿಷನ್‌ನಲ್ಲಿ ಇದಕ್ಕೆ ಒಂದೇ ರೂಲ್ ಕೊಡುವುದಿಲ್ಲ. ಈ ವ್ಯಕ್ತಿ, ಈ ವಾರ, ಈ ಹಣ್ಣಿನಲ್ಲಿ ಏನು ಹೇಳುತ್ತಿದ್ದಾರೆ ಅಂತ ಯೋಚಿಸಲು ಕಲಿಸುತ್ತಾರೆ.

ಇನ್ನೂ ಕಷ್ಟದ ಪ್ರಶ್ನೆ: ‘ನಿಮ್ದು ಯಾವ ಕಡೆ? ಅಂದ್ರೆ... ಯಾವ ಜನ?’ ಥೆರಪಿಸ್ಟ್ ತನ್ನ ಬಗ್ಗೆ ಹೆಚ್ಚು ಹೇಳದೆ ಖಾಲಿ ಪರದೆಯಂತೆ ಇರಬೇಕು ಅನ್ನುವುದು ಈ ಪರಂಪರೆಯ ಹಳೇ ಆದರ್ಶ. ನಮ್ಮಲ್ಲಿ ಹೆಸರು, ಮಾತಿನ ಧಾಟಿ, ಕ್ಲಿನಿಕ್ ಇರುವ ಬೀದಿ, ಹಣೆ, ಕತ್ತು ಎಲ್ಲವೂ ಮೊದಲೇ ಎಲ್ಲ ಹೇಳಿಬಿಟ್ಟಿರುತ್ತವೆ. ವೋಲ್ಟ್‌ಮೀಟರ್ ಹಚ್ಚಿದ ಕೂಡಲೇ ಸರ್ಕ್ಯೂಟಿನ ವೋಲ್ಟೇಜ್ ಸ್ವಲ್ಪ ಬದಲಾಗುತ್ತದೆ. ಅಳೆಯುವವನನ್ನು ಬಿಟ್ಟು ಅಳತೆ ಇಲ್ಲ. ದಲಿತ ಯುವಕನೊಬ್ಬ ಮೇಲ್ಜಾತಿಯ ಥೆರಪಿಸ್ಟ್ ಎದುರು ತನ್ನ ಹಾಸ್ಟೆಲ್ ದಿನಗಳ ಬಗ್ಗೆ ಹೇಳುತ್ತಾ ತಡೆದು ನಿಂತರೆ, ಅದನ್ನು ಅಪ್ಪ-ಮಗನ ಸಂಘರ್ಷ ಅಂತ ಓದುವುದು ಬರೀ ತಪ್ಪಲ್ಲ, ಗಾಯಕ್ಕೆ ಗಾಯ. ಪಶ್ಚಿಮದಿಂದ ಎತ್ತಿಕೊಂಡ ತರಬೇತಿಗಳ ಅತಿ ದುರ್ಬಲ ಜಾಗ ಇದೇ ಅನ್ನುವುದು ನನ್ನ ಅಭಿಪ್ರಾಯ. ಓದಿನ ಪಟ್ಟಿಯ ಕೊನೆಯಲ್ಲಿ ಜಾತಿ, ಲಿಂಗ, ಧರ್ಮದ ಮೇಲೆ ಒಂದು ಸೆಮಿನಾರ್ ಇಟ್ಟರೆ ಸಾಲದು. ಥೆರಪಿಸ್ಟ್ ತನ್ನ ಸ್ವಂತ ಥೆರಪಿಯಲ್ಲಿ ತನ್ನ ಅಪ್ಪ-ಅಮ್ಮನ ಬಗ್ಗೆ ಮಾತಾಡಿದಷ್ಟೇ ಗಂಭೀರವಾಗಿ ತನ್ನ ಜಾತಿಯ ಬಗ್ಗೆಯೂ ಮಾತಾಡಿರಬೇಕು.

ಹೊಟ್ಟೆ ಉರಿಗೆ ಇಂಗ್ಲಿಷ್ ಏನು?

ಇಲ್ಲಿನ ತರಬೇತಿ, ನೋಟ್ಸ್, ಸೂಪರ್‌ವಿಷನ್ ಬಹುತೇಕ ನಡೆಯುವುದು ಇಂಗ್ಲಿಷಿನಲ್ಲಿ. ಥೆರಪಿ ನಡೆಯುವುದು ಕನ್ನಡದಲ್ಲಿ, ಅಥವಾ ಕಂಗ್ಲಿಷಿನಲ್ಲಿ. ಮೇಲಿನ ಉದಾಹರಣೆಯ ಬಸ್ ಡ್ರೈವರನ ಮಗ ‘ಅಪ್ಪ ಮನೇಲಿ ಇದ್ರೂ ಇರ್ತಿರ್ಲಿಲ್ಲ’ ಅಂದಿದ್ದಾರೆ ಅಂತ ಇಟ್ಟುಕೊಳ್ಳಿ. ನೋಟ್ಸಿನಲ್ಲಿ ಅದು ‘ಎಮೋಷನಲಿ ಅನ್‌ಅವೈಲಬಲ್ ಫಾದರ್’ ಆಗುತ್ತದೆ. ಸೂಪರ್‌ವೈಸರ್ ಕೈಗೆ ತಲುಪುವುದು ಒಂದು ಲೇಬಲ್. ಮಗನ ವಾಕ್ಯ ದಾರಿಯಲ್ಲೇ ಬಿದ್ದುಹೋಯಿತು.

‘ಬೇಜಾರು’ ತೆಗೆದುಕೊಳ್ಳಿ. ಸಿನಿಮಾ ಬೇಜಾರು ಅಂದರೆ ಬೋರು. ಅವಳು ಹೋದ ಮೇಲೆ ಬೇಜಾರು ಅಂದರೆ ದುಃಖ. ಬೇಜಾರು ಮಾಡ್ಕೋಬೇಡಿ ಅಂದರೆ ನೋವಾಯಿತಾ, ಕ್ಷಮಿಸಿ ಅಂತ. ‘ಹೊಟ್ಟೆ ಉರೀತದೆ’ ಅನ್ನುವುದು ಪಕ್ಕದವರ ಕಾರು ನೋಡಿ ಬರುವ ಅಸೂಯೆಯೂ ಹೌದು, ತಬ್ಬಲಿ ಮಗುವನ್ನು ನೋಡಿದಾಗಿನ ಸಂಕಟವೂ ಹೌದು. ಅಸೂಯೆ ಮತ್ತು ಸಂಕಟ ಒಂದೇ ಹೊಟ್ಟೆಯಲ್ಲಿ ಉರಿಯುತ್ತವೆ ಅನ್ನುವ ಈ ತಿಳಿವಳಿಕೆ ಸೈಕೋಡೈನಾಮಿಕ್ ಕೆಲಸಕ್ಕೆ ಚಿನ್ನದಂಥದ್ದು. ಭಾಷಾಂತರ ಮಾಡಿದ ಕ್ಷಣ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ. ನಾಲಿಗೆ ತಪ್ಪಿ ಬಂದ ಮಾತು, ಕನಸಿನ ಶ್ಲೇಷೆ, ಗಾದೆಯ ಮರೆಯಲ್ಲಿ ಹೇಳಿದ ಸಿಟ್ಟು, ಈ ವಿಧಾನ ನಿಂತಿರುವುದೇ ಇವುಗಳ ಮೇಲೆ.

ಕನ್ನಡದಲ್ಲಿ ಮನಸ್ಸಿನ ಬಗ್ಗೆ ಬರೆಯುವ ಪರಂಪರೆಗೆ ಬಡತನ ಇಲ್ಲ. ‘ಕೊರವಂಜಿ’ಯ ರಾಶಿ, ಅಂದರೆ ಡಾ. ಎಂ. ಶಿವರಾಂ ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕಗಳಿಲ್ಲದ ಹಳ್ಳಿ ಲೈಬ್ರರಿ ಅಪರೂಪ. ಇವೆಲ್ಲ ಓದುಗರಿಗಾಗಿ ಬರೆದವು. ಥೆರಪಿಸ್ಟ್‌ಗಳು ತಮ್ಮ ತಮ್ಮಲ್ಲಿ ಕೇಸ್ ಚರ್ಚಿಸುವ ಕನ್ನಡ ಇನ್ನೂ ಬೆಳೆಯಬೇಕಿದೆ. ಕನ್ನಡದಲ್ಲೇ ನೋಟ್ಸ್ ಬರೆದು ಕನ್ನಡದಲ್ಲೇ ಸೂಪರ್‌ವಿಷನ್ ಮಾಡುವ ಒಂದು ಗುಂಪು ಧಾರವಾಡದಲ್ಲೋ ಮೈಸೂರಿನಲ್ಲೋ ಶುರುವಾಗಲು ಸರ್ಕಾರದ ಆದೇಶವೇನೂ ಬೇಕಿಲ್ಲ.

ದುಡ್ಡಿನ ಲೆಕ್ಕ

ಒಂದು ಸೆಷನ್‌ಗೆ 1,500 ರೂಪಾಯಿ ಅಂದುಕೊಳ್ಳೋಣ, ಬೆಂಗಳೂರಿನ ಮಟ್ಟಿಗೆ ಇದೇನು ದೊಡ್ಡ ಅಂಕಿ ಅಲ್ಲ. ಕಲಿಯುವವರು ವರ್ಷಕ್ಕೆ 45 ವಾರ ಸ್ವಂತ ಥೆರಪಿಗೆ ಹೋದರೆ 67,500. ಸೂಪರ್‌ವಿಷನ್‌ಗೂ ಅಷ್ಟೇ ಅಂದರೆ ವರ್ಷಕ್ಕೆ 1,35,000. ಎರಡು ವರ್ಷಕ್ಕೆ 2,70,000, ಕೋರ್ಸ್ ಫೀಸ್ ಬೇರೆ. ಜಿಲ್ಲಾ ಆಸ್ಪತ್ರೆಯಲ್ಲಿ ಗುತ್ತಿಗೆ ಮೇಲೆ ಕೆಲಸ ಮಾಡುವ ಸೈಕಾಲಜಿಸ್ಟ್‌ಗೆ ಇದು ಎಟುಕುವ ಮಾತಾ? ಪರಿಣಾಮ ನೇರ. ಯಾರಿಗೆ ದುಡ್ಡಿದೆಯೋ, ಇಂಗ್ಲಿಷ್ ಇದೆಯೋ, ಮಹಾನಗರದಲ್ಲಿ ಮನೆ ಇದೆಯೋ ಅವರು ಈ ತರಬೇತಿ ಪಡೆಯುತ್ತಾರೆ. ಹಾಕಿದ ದುಡ್ಡು ವಾಪಸ್ ಬರಬೇಕಲ್ಲ, ಅಂಥದ್ದೇ ಜನರಿಗೆ ಚಿಕಿತ್ಸೆ ಕೊಡುತ್ತಾರೆ. ಬರ್ಲಿನ್ನಿನ ಕ್ಲಿನಿಕ್ ಇದನ್ನು ತಪ್ಪಿಸಲೆಂದೇ ಹುಟ್ಟಿತ್ತು ಅನ್ನುವುದು ಮರೆತೇಹೋಗಿದೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಲೇಬೇಕು. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿತು. ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಆ ಹೊತ್ತಿಗೆ ಒಂದಲ್ಲ ಒಂದು ಮಾನಸಿಕ ಸಮಸ್ಯೆ ಇತ್ತು. ಕಾಯಿಲೆ ಯಾವುದು ಅನ್ನುವುದರ ಮೇಲೆ, ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಕರ್ನಾಟಕದಲ್ಲಿ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವುದು ಮಂಗಳವಾರ. ಆ ಸಾಲಿನಲ್ಲಿ ನಿಂತವರಿಗೆ ಸಿಗುವುದು ಕೆಲವೇ ನಿಮಿಷ. ಅಲ್ಲಿಗೆ ಹೋಗಿ ‘ವಾರಕ್ಕೆ 50 ನಿಮಿಷದಂತೆ ಎರಡು ವರ್ಷ’ ಅಂದರೆ ನಗುತ್ತಾರೆ. ಇದು ಶೋಕಿ ಅಲ್ವಾ?

ಎಲ್ಲರಿಗೂ ದೀರ್ಘ ಥೆರಪಿ ಕೊಡಬೇಕು ಅನ್ನುವುದು ನನ್ನ ವಾದ ಅಲ್ಲ. ಆದರೆ ಆ ಕೆಲವು ನಿಮಿಷದಲ್ಲೂ ಯಾರೋ ಒಬ್ಬರು ಇನ್ನೊಬ್ಬರ ಮಾತು ಕೇಳುತ್ತಿರುತ್ತಾರೆ. ಮೂರನೇ ಸಲ ಮಾತ್ರೆ ನಿಲ್ಲಿಸಿ ಬಂದ ಹೆಂಗಸಿನ ಮೇಲೆ ರೇಗುವ ಮೊದಲು ‘ಈ ಸಿಟ್ಟು ಯಾಕೆ ಬರ್ತಿದೆ ನನಗೆ?’ ಅಂತ ಒಂದು ಕ್ಷಣ ನಿಲ್ಲುವುದು ಇದೇ ತರಬೇತಿಯ ಫಲ. ಬ್ರಿಟನ್ನಿನಲ್ಲಿ ಇದೇ ಪರಂಪರೆಯಿಂದ 16 ಸೆಷನ್‌ಗಳ ಒಂದು ಸಂಕ್ಷಿಪ್ತ ಥೆರಪಿಯನ್ನು ಸರ್ಕಾರಿ ವ್ಯವಸ್ಥೆಗೆಂದೇ ರೂಪಿಸಿದರು. ನಮ್ಮ ಜಿಲ್ಲಾ ಮಾನಸಿಕ ಆರೋಗ್ಯ ತಂಡಗಳಿಗೆ ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ ಗುಂಪು ಸೂಪರ್‌ವಿಷನ್, ಸಂಬಳದ ಸಮಯದಲ್ಲೇ, ಫೋನಿನಲ್ಲಾದರೂ ಕೊಟ್ಟರೆ ಆಗುವ ಖರ್ಚು ಒಂದು ಉದ್ಘಾಟನಾ ಸಮಾರಂಭಕ್ಕಿಂತ ಕಡಿಮೆ. ದಿನವಿಡೀ ಆತ್ಮಹತ್ಯೆಯ ಮಾತು ಕೇಳಿ ಮನೆಗೆ ಹೋಗುವ ಆಪ್ತಸಮಾಲೋಚಕರಿಗೆ, ಕೇಳಿದ್ದನ್ನು ಇಳಿಸಿಡಲು ಒಂದು ಜಾಗ ಬೇಡವಾ?

ಕಾನೂನಿನ ಮಾತೂ ಇದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಕ್ಲಿನಿಕಲ್ ಸೈಕಾಲಜಿಸ್ಟ್ ಯಾರು ಅಂತ ವ್ಯಾಖ್ಯಾನಿಸುತ್ತದೆ. ಅವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿರಬೇಕು. 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆ ಕೌನ್ಸೆಲರ್‌ಗಳನ್ನೂ ನೋಂದಣಿಯ ವ್ಯಾಪ್ತಿಗೆ ತರಲು ಹೊರಟಿದೆ. ಆದರೆ ಸ್ವಂತ ಥೆರಪಿ, ಸೂಪರ್‌ವಿಷನ್ ಇವುಗಳನ್ನು ವೃತ್ತಿಯುದ್ದಕ್ಕೂ ಮುಂದುವರಿಸಿ ಅಂತ ಯಾವ ಕಾಯ್ದೆಯೂ ಥೆರಪಿಸ್ಟ್‌ಗೆ ಹೇಳುವುದಿಲ್ಲ. ಕಡ್ಡಾಯ ಮಾಡಿ ಅಂತ ಸುಮ್ಮನೆ ಹೇಳಲೂ ನನಗೆ ಧೈರ್ಯ ಇಲ್ಲ, ಮೇಲಿನ ಲೆಕ್ಕ ನೋಡಿದಿರಲ್ಲ. ವೆಚ್ಚ ಯಾರು ಹೊರುತ್ತಾರೆ ಅನ್ನುವುದನ್ನು ಬಿಟ್ಟು ಕಡ್ಡಾಯ ಮಾಡಿದರೆ, ಈಗ ಕಾಣುತ್ತಿರುವ ನಾಲ್ಕು ಜನ ಕನ್ನಡದ ಥೆರಪಿಸ್ಟ್‌ಗಳೂ ಮಾಯವಾಗುತ್ತಾರೆ.

ಅಲ್ಲಿಯವರೆಗೆ ಕೇಳುವ ಹಕ್ಕು ನಿಮ್ಮದು. ಮೊದಲ ಭೇಟಿಯಲ್ಲಿ ಡಿಗ್ರಿ, ನೋಂದಣಿ, ಫೀಸ್ ಕೇಳಿದ ಮೇಲೆ ಇನ್ನೆರಡು ಪ್ರಶ್ನೆ ಸೇರಿಸಿ. ‘ನೀವು ಸೂಪರ್‌ವಿಷನ್ ತಗೊಳ್ತೀರಾ?’ ಇದಕ್ಕೆ ಹೌದು ಅನ್ನುವವರು ಹೊಸಬರು ಅಂತ ಅರ್ಥ ಅಲ್ಲ. ಇಪ್ಪತ್ತು ವರ್ಷ ಪ್ರಾಕ್ಟೀಸ್ ಮಾಡಿದವರೂ ಕಷ್ಟದ ಕೇಸ್ ಹಿಡಿದು ಇನ್ನೊಬ್ಬರ ಬಾಗಿಲು ತಟ್ಟುತ್ತಾರೆ. ‘ನಾನು ಹೇಳಿದ್ದನ್ನು ಅಲ್ಲಿ ಚರ್ಚಿಸುವಾಗ ನನ್ನ ಗುರುತು ಹೇಗೆ ಕಾಪಾಡ್ತೀರಾ?’ ಇದಕ್ಕೆ ಸಿದ್ಧ ಉತ್ತರ ಇರಬೇಕು. ‘ನೀವು ಯಾವತ್ತಾದ್ರೂ ಥೆರಪಿಗೆ ಹೋಗಿದ್ದೀರಾ?’ ಅಂತಲೂ ಕೇಳಬಹುದು. ಕೆಲವರು ಹೌದು ಅಂತಾರೆ, ಇನ್ನು ಕೆಲವರು ಉತ್ತರಿಸದೆ ‘ಇದನ್ನು ಕೇಳಬೇಕು ಅಂತ ಯಾಕೆ ಅನ್ನಿಸ್ತು?’ ಅಂತ ನಿಮ್ಮನ್ನೇ ಕೇಳುತ್ತಾರೆ. ಅದು ಜಾರಿಕೊಳ್ಳುವುದಾಗಿರಬಹುದು, ನಿಮ್ಮ ಭಯವನ್ನು ಗಂಭೀರವಾಗಿ ತಗೊಂಡಿದ್ದೂ ಆಗಿರಬಹುದು. ಯಾವುದು ಅಂತ ಎರಡು ಮೂರು ವಾರದಲ್ಲಿ ನಿಮಗೇ ಗೊತ್ತಾಗುತ್ತದೆ. ರೇಗಿದರೆ ಮಾತ್ರ ಬೇರೆಯವರನ್ನು ನೋಡಿ. ದುಡ್ಡಿನ ತೊಂದರೆ ಇರುವವರು ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಅಥವಾ ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲಿ ಥೆರಪಿ ಸಿಗುತ್ತಾ ಅಂತ ವಿಚಾರಿಸಿ. ಈ ಕ್ಷಣಕ್ಕೆ ಯಾರ ಜೊತೆಗಾದರೂ ಮಾತಾಡಲೇಬೇಕು ಅನಿಸಿದರೆ ಟೆಲಿ ಮಾನಸ್ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.